ಗೆಳೆಯನಿಗೊಂದು ಪತ್ರ: 25 ಅಡಿ ಸಾಕು ಕಣೋ

ಪ್ರೀತಿಯ ಕ್ಯಾಪ್ಟನ್,

ಮೋಟರ್‌ಹೋಮ್, ಅಂದರೆ ಹಾಸಿಗೆ, ಅಡುಗೆಮನೆ ಎಲ್ಲ ಒಳಗೇ ಇರುವ ಗಾಡಿ, ಎಷ್ಟು ಅಡಿಯದು ತಗೊಳ್ಳಲಿ ಅಂತ ನೀನು ಕೇಳಿ ಎರಡು ವಾರ ಆಯಿತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇದೇ ಪ್ರಶ್ನೆ ಇಟ್ಟುಕೊಂಡು ಕೂತವರು ಇಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಬೇಜಾರಿಲ್ಲ ತಾನೆ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನೀನು ಉಳಿಯಬೇಕೆಂದಿರುವುದು ಅಮೆರಿಕದ ನ್ಯಾಷನಲ್ ಪಾರ್ಕ್, ಸ್ಟೇಟ್ ಪಾರ್ಕ್‌ಗಳ ಕ್ಯಾಂಪ್‌ಗ್ರೌಂಡಿನಲ್ಲಿ ಅಲ್ವಾ? ಹಾಗಾದರೆ 25 ಅಡಿ. ಅದಕ್ಕಿಂತ ಮೇಲೆ ಹೋಗಬೇಡ. ಇಂಥ ಗಾಡಿಗಳಿಗೆಂದೇ (ಆರ್‌ವಿ ಅಂತಾರೆ) ಇರುವ ಖಾಸಗಿ ಆರ್‌ವಿ ಪಾರ್ಕಿನಲ್ಲೇ ನಿಲ್ಲಿಸುತ್ತೇನೆ ಅಂದರೆ 40 ಅಡಿಯದು ತಗೊಂಡರೂ ಚಿಂತೆಯಿಲ್ಲ. ಅಲ್ಲಿ ಮುಂದಿನಿಂದ ನುಗ್ಗಿ ಹಿಂದಿನಿಂದ ಹೊರಡುವಂಥ ಜಾಗ ಸಿಗುತ್ತದೆ. ಆದರೆ ನಿನಗೆ ಬೇಕಿರುವುದು ಬೆಳಿಗ್ಗೆ ಕಿಟಕಿ ತೆರೆದರೆ ಮರ ಕಾಣುವ ಜಾಗ.

ಆ ಜಾಗಗಳು ಹಳೆಯವು. ಎಮಿಲಿಯೊ ಮೈನೆಕೆ ಅಂತ ಒಬ್ಬ ಸಸ್ಯರೋಗ ತಜ್ಞರಿದ್ದರು. ಜನ ಕಾರುಗಳನ್ನು ಮರದ ಬುಡದವರೆಗೂ ತಂದು ನಿಲ್ಲಿಸುತ್ತಿದ್ದ ಕಾಲ ಅದು. ಚಕ್ರ, ಕಾಲುಗಳಡಿ ಮಣ್ಣು ಗಟ್ಟಿಯಾಗಿ ಬೇರುಗಳು ಸೊರಗುತ್ತಿದ್ದುದನ್ನು ಅವರು ಗಮನಿಸಿದರು. 1932ರ ಹೊತ್ತಿಗೆ ಒಂದು ಉಪಾಯ ಹೇಳಿಕೊಟ್ಟರು. ಒಂದೇ ದಿಕ್ಕಿಗೆ ಹೋಗುವ ಬಳಸು ದಾರಿ. ಅದರ ಪಕ್ಕಕ್ಕೆ ಓರೆಯಾಗಿ, ಒಂದು ಕಾರು ಹಿಡಿಸುವಷ್ಟು ಚಿಕ್ಕ ಕವಲು. ಕಾರು ಆಚೆ ಸರಿಯದ ಹಾಗೆ ಅಂಚಿಗೆ ಬಂಡೆ, ದಿಮ್ಮಿ. 1933ರಿಂದ, ನಿರುದ್ಯೋಗಿ ಯುವಕರಿಗೆ ಕೆಲಸ ಕೊಡಲು ಸರ್ಕಾರ ಶುರುಮಾಡಿದ ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನ ಹುಡುಗರು ದೇಶದುದ್ದಕ್ಕೂ ಇಂಥ ಕ್ಯಾಂಪ್‌ಗ್ರೌಂಡುಗಳನ್ನು ಕಟ್ಟಿದರು. ನ್ಯಾಷನಲ್ ಪಾರ್ಕ್‌ಗಳನ್ನು ಸುಧಾರಿಸಲು 1956ರಿಂದ 1966ರವರೆಗೆ ನಡೆದ ಮಿಷನ್ 66 ಯೋಜನೆಯಲ್ಲಿ ಇನ್ನಷ್ಟು ಆದವು. ಒಂದು ಕಾರು, ಒಂದು ಟೆಂಟ್ ಲೆಕ್ಕದಲ್ಲಿ ಮಾಡಿದ ಜಾಗಕ್ಕೆ ನಾವು ಈಗ ಮನೆಯನ್ನೇ ಓಡಿಸಿಕೊಂಡು ಹೋಗುತ್ತೇವೆ.

ಯೊಸೆಮಿಟಿ ನ್ಯಾಷನಲ್ ಪಾರ್ಕಿನ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡಿನಲ್ಲಿ ಮೋಟರ್‌ಹೋಮ್‌ಗೆ 35 ಅಡಿವರೆಗೆ ಬಿಡುತ್ತಾರೆ. ಹಾಗಂತ ಎಲ್ಲ ಸೈಟ್‌ಗಳೂ, ಅಂದರೆ ಒಂದೊಂದು ಗಾಡಿ ನಿಲ್ಲುವ ಜಾಗಗಳೂ, ಅಷ್ಟು ಉದ್ದ ಅಂದುಕೊಳ್ಳಬೇಡ. ಅದು ಅಲ್ಲಿನ ಅತಿ ಉದ್ದದ ಸೈಟ್‌ಗೆ ಸೇರಿದ ಅಂಕಿ. ಬುಕ್ ಮಾಡುವಾಗ ಒಂದೊಂದೇ ಸೈಟ್ ತೆರೆದು, ಅದಕ್ಕೆ ಕೊಟ್ಟ ಗರಿಷ್ಠ ಉದ್ದ ನೋಡು. ಗಾಡಿ ಉದ್ದವಾದಷ್ಟೂ ಪಟ್ಟಿ ಕರಗುತ್ತಾ ಹೋಗುತ್ತದೆ. ಉಳಿದ ನಾಲ್ಕು ಸೈಟ್‌ಗಳಿಗೆ ಎಲ್ಲ ಉದ್ದನೆ ಗಾಡಿಯವರೂ ಮುಗಿಬಿದ್ದಿರುತ್ತಾರೆ.

ಕೆಲವು ಕಡೆ ಸೈಟ್‌ಗಿಂತ ರಸ್ತೆಯೇ ತೊಡಕು. ಬಿಗ್ ಬೆಂಡ್ ನ್ಯಾಷನಲ್ ಪಾರ್ಕಿನ ಚಿಸೋಸ್ ಬೇಸಿನ್‌ಗೆ ಹತ್ತುವ ದಾರಿಯಲ್ಲಿ 24 ಅಡಿ ದಾಟಿದ ಆರ್‌ವಿ ಬೇಡ ಅನ್ನುತ್ತಾರೆ. ಗ್ಲೇಸಿಯರ್ ನ್ಯಾಷನಲ್ ಪಾರ್ಕಿನ ಗೋಯಿಂಗ್ ಟು ದ ಸನ್ ರಸ್ತೆಯಲ್ಲಿ ಅವಲಾಂಚ್‌ನಿಂದ ರೈಸಿಂಗ್ ಸನ್‌ವರೆಗೆ 21 ಅಡಿಗಿಂತ ಉದ್ದದ್ದನ್ನು ಬಿಡುವುದೇ ಇಲ್ಲ, ಬಂಪರ್ ಕೂಡ ಲೆಕ್ಕಕ್ಕೆ ಸೇರುತ್ತದೆ. ನಾನು ಹೇಳುವ 25 ಅಡಿ ಚಿಸೋಸ್‌ಗೆ ಒಂದಡಿ ಹೆಚ್ಚಾಯಿತು, ಗ್ಲೇಸಿಯರ್‌ನಲ್ಲಂತೂ ನಡೆಯದು. ಇಂಥ ಒಂದೆರಡು ರಸ್ತೆಗೋಸ್ಕರ 20 ಅಡಿಯ ವ್ಯಾನ್ ತಗೊಂಡು, ದಿನಾ ಹಾಸಿಗೆ ಮಡಚಿ ಬಿಚ್ಚುತ್ತಾ ಇರು ಅಂತ ನಾನು ಹೇಳಲಾರೆ.

ಗಾಡಿಯ ಹೆಸರಿನಲ್ಲಿರುವ ಅಂಕಿಯನ್ನು ನಂಬಬೇಡ. ನಾವು ಬಾಡಿಗೆಗೆ ತಗೊಂಡಿದ್ದ ಗಾಡಿಯ ಪಕ್ಕದಲ್ಲಿ ದೊಡ್ಡದಾಗಿ 28 ಅಂತ ಇತ್ತು. ಟೇಪ್ ಹಿಡಿದರೆ 30 ದಾಟಿತು. ಹಿಂದೆ ಸೈಕಲ್ ರ‍್ಯಾಕ್ ಸೇರಿಸಿದರೆ 33. ಗಾಡಿ ದೊಡ್ಡದು, ಊರೊಳಗೆ ಓಡಾಡಲು ಒಂದು ಕಾರು ಎಳೆದುಕೊಂಡು ಹೋದರಾಯಿತು ಅಂದೆಯಲ್ಲ, ಅದೂ ಕಷ್ಟವೇ. ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆಯುವ ಕಾರು ಹಿಂದಿದ್ದರೆ ರಿವರ್ಸ್ ಹೋಗುವ ಹಾಗಿಲ್ಲ. ತಪ್ಪು ತಿರುವಿನಲ್ಲಿ ನುಗ್ಗಿದೆಯೋ, ಇಳಿದು, ಕಾರು ಕಳಚಿ, ಆಮೇಲೆ ಹಿಂದಕ್ಕೆ.

ಈ ಲೆಕ್ಕವೆಲ್ಲ ನನಗೆ ಹೇಗೆ ಬಂತು ಅನ್ನುವುದನ್ನು ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಆಗುತ್ತಿಲ್ಲ.

ನಿಮ್ಮ ಮನೆಯಲ್ಲಿ ಪೈನ್ ಮರದ ಕತೆ ಹೇಳಿದ್ದೆ, ನೆನಪಿದೆಯಾ? ನಿನ್ನ ಅತ್ತಿಗೆ ಟಾರ್ಚ್ ಹಿಡಿದು ‘ಬಾ ಬಾ’ ಅಂದಳು, ನಾನು ಆ ಬಾಡಿಗೆ ಗಾಡಿಯಲ್ಲಿ ರಿವರ್ಸ್ ಹೋಗಿ ಮರಕ್ಕೆ ಗುದ್ದಿದೆ ಅಂತ. ಎಲ್ಲರೂ ನಕ್ಕಿದ್ದಿರಿ. ಅವಳೂ ನಕ್ಕಿದ್ದಳು.

ಅವಳು ‘ಬಾ’ ಅಂದಿರಲಿಲ್ಲ ಕಣೋ. ‘ನಿಲ್ಲಿಸು’ ಅಂದಿದ್ದಳು. ಎರಡು ಸಲ. ನನ್ನ ಕಿಟಕಿ ಮುಚ್ಚಿತ್ತು. ಅದು 27 ಅಡಿಯ ಸೈಟ್. ಬುಕ್ ಮಾಡುವಾಗ ಗಾಡಿಯ ಉದ್ದ ಕೇಳಿದ ಕಡೆ ನಾನು 27 ಅಂತಲೇ ತುಂಬಿದ್ದೆ, 33 ಅಂತ ಗೊತ್ತಿದ್ದೂ. ಇಬ್ಬರಿಗೆ 24 ಅಡಿಯದು ಸಾಕು ಅಂತ ಅವಳು ಮೊದಲೇ ಹೇಳಿದ್ದಳು. ಕತ್ತಲಾಗಿತ್ತು. ಸ್ಟಿಯರಿಂಗ್ ತಿರುಗಿಸಿದರೆ ಹಿಂದಿನ ಚಕ್ರದ ಆಚೆ ಚಾಚಿಕೊಂಡ ಭಾಗ ಎದುರು ದಿಕ್ಕಿಗೆ ಬೀಸುತ್ತದೆ. ಉದ್ದನೆಯ ಗಾಡಿಯಲ್ಲಿ ಆ ಬೀಸು ಜಾಸ್ತಿ. ಲಟ್ ಅಂತ ಸದ್ದಾಯಿತು.

ಇಳಿದು ನೋಡಿದರೆ ಒಂದು ಅಂಗೈಯಗಲ ತೊಗಟೆ ಎದ್ದು ಹೋಗಿತ್ತು. ಟಾರ್ಚಿನ ಬೆಳಕಿಗೆ ಒಳಗಿನ ಹಸಿ ಮರ ತೇವವಾಗಿ ಹೊಳೆಯುತ್ತಿತ್ತು. ನಾನು ಅದನ್ನೂ ಸರಿಯಾಗಿ ನೋಡಲಿಲ್ಲ. ‘ಕಣ್ಣು ಕಾಣಲ್ವಾ ನಿನಗೆ?’ ಅಂತ ಅವಳ ಮೇಲೆ ಕೂಗಾಡಿದೆ. ಪಕ್ಕದ ಸೈಟ್‌ನಲ್ಲಿ ಬೆಂಕಿಯ ಸುತ್ತ ಕೂತಿದ್ದವರು ಮಾತು ನಿಲ್ಲಿಸಿದರು. ಅವಳು ಟಾರ್ಚನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಅಷ್ಟೇ.

ಕಳೆದ ವಾರ ನಿನಗೆ ಉತ್ತರ ಬರೆಯಲು ಕೂತು ಮೈನೆಕೆಯವರ ಬಗ್ಗೆ ಓದುತ್ತಿದ್ದೆ. ಅಂಚಿನ ಬಂಡೆಗಳು ಇರುವುದೇ ಮರ ಕಾಯಲಿಕ್ಕೆ ಅಂತ ತಿಳಿದಾಗ ಆ ಹಸಿ ಗಾಯ ಕಣ್ಣಮುಂದೆ ಬಂತು. ಅದರ ಹಿಂದೆಯೇ ಟಾರ್ಚ್ ಕೊಟ್ಟ ಕೈ. ನಾಲ್ಕು ಜನರ ಮುಂದೆ ಬೈದದ್ದು ಒಂದು. ಆಮೇಲೆ ಅದನ್ನೇ ಅವಳ ತಪ್ಪಿನ ಕತೆಯಾಗಿ ಮಾಡಿ ಮನೆಮನೆಯಲ್ಲಿ ಹೇಳಿದ್ದು ಇನ್ನೊಂದು. ಎರಡನೆಯದು ನನ್ನನ್ನು ಜಾಸ್ತಿ ಕಾಡುತ್ತಿದೆ. ನಿಮ್ಮ ಮನೆಯಲ್ಲಿ ಅವಳು ಯಾಕೆ ನಕ್ಕಳೋ, ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ಬರೆದ ಮೇಲೆ ಅವಳಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ, ‘ಟಾರ್ಚಿಗೆ ಹೊಸ ಬ್ಯಾಟರಿ ಹಾಕು ಅಂದಿದ್ದೆ, ಅದನ್ನೂ ಬರಿ’ ಅಂದಳು. ಬರೆದಿದ್ದೇನೆ.

ಸರಿ, ಈಗ ನಿನ್ನ ವಿಷಯ. 24–25 ಅಡಿಯಲ್ಲಿ ಹಾಸಿಗೆ ಮೂಲೆಗೆ ಅಂಟಿಕೊಂಡಿರುತ್ತದೆ, ರಾತ್ರಿ ಏಳಬೇಕಾದರೆ ಒಬ್ಬರು ಇನ್ನೊಬ್ಬರನ್ನು ದಾಟಬೇಕು. ನೀರಿನ, ಕೊಳೆನೀರಿನ ಟ್ಯಾಂಕ್‌ಗಳು ಚಿಕ್ಕವು. ನ್ಯಾಷನಲ್ ಪಾರ್ಕ್‌ಗಳ ಬಹಳಷ್ಟು ಸೈಟ್‌ಗಳಲ್ಲಿ ನೀರು, ಕರೆಂಟಿನ ಸಂಪರ್ಕ ಇರುವುದಿಲ್ಲ. ಹಾಗಾಗಿ ಸ್ನಾನದ ನೀರು ಅಳೆದು ಬಳಸಬೇಕು, ಕೊಳೆನೀರು ಖಾಲಿ ಮಾಡುವ ಡಂಪ್ ಸ್ಟೇಷನ್‌ಗೆ ಮತ್ತೆಮತ್ತೆ ಹೋಗಬೇಕು. ಸ್ಲೈಡ್‌ಔಟ್, ಅಂದರೆ ನಿಲ್ಲಿಸಿದಾಗ ಪಕ್ಕಕ್ಕೆ ಚಾಚಿ ಜಾಗ ಹೆಚ್ಚಿಸುವ ಭಾಗ, ಇದ್ದರೆ ಅದನ್ನು ಹೊರಗೆಳೆದು ನೋಡು, ಒಳಗೆ ತಳ್ಳಿಯೂ ನೋಡು. ಒಳಗಿದ್ದಾಗಲೂ ಟಾಯ್ಲೆಟ್‌ಗೆ ದಾರಿ ಸಿಗಬೇಕು.

ಶನಿವಾರ ನಾವಿಬ್ಬರೂ ಒಂದು 24 ಅಡಿಯದನ್ನು ನೋಡಲು ಹೋಗುತ್ತಿದ್ದೇವೆ. ನೀವಿಬ್ಬರೂ ಬನ್ನಿ. ಟೇಪಿನ ಒಂದು ತುದಿ ನಾನು ಹಿಡಿಯುತ್ತೇನೆ, ಇನ್ನೊಂದು ನಿನ್ನ ಅತ್ತಿಗೆ ಕೈಯಲ್ಲಿ. ಅವಳು ಓದಿದ್ದೇ ಅಳತೆ. ನೀನು ಬರೆದುಕೋ.

ನಿನ್ನ,
ಫಸ್ಟ್ ಮೇಟ್