ಪಟ್ಟಿಯ ಕೊನೆಯ ಪುಸ್ತಕವೂ ಮುಗಿಯಿತು

ಮೊನ್ನೆ ಪಟ್ಟಿಯ ಕೊನೆಯ ಪುಸ್ತಕ ಮುಗಿಸಿದೆ. ಅದೇ ವಾರ ಡಾಕ್ಟರು, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದರು. ಕಾಯಿಲೆಯ ವಿವರ ನಿಮಗೆಲ್ಲ ಗೊತ್ತೇ ಇದೆ, ಅದನ್ನು ಬಿಡುತ್ತೇನೆ. ಋಣ ಮಾತ್ರ ಹೇಳಿಕೊಳ್ಳಬೇಕು.

ಪಟ್ಟಿ ಕಳಿಸಿದ್ದು ಬೆಂಗಳೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗ. ಎಲ್ಲವೂ ಫ್ಯಾಂಟಸಿ ಕಾದಂಬರಿಗಳು. ನಾನು ಅಂಥದ್ದನ್ನು ಓದಿದವಳೇ ಅಲ್ಲ. ಪಟ್ಟಿಯ ಕೆಳಗೆ ಅವನು ಒಂದು ಮಾತು ಬರೆದಿದ್ದ. ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ 1916ರಲ್ಲಿ ಮೊದಲ ಮಹಾಯುದ್ಧದ ಸೊಮ್ ಕಾಳಗಕ್ಕೆ ಹೋಗಿ, ಸೈನಿಕರ ಕಂದಕಗಳಲ್ಲಿ ಹರಡುತ್ತಿದ್ದ ಟ್ರೆಂಚ್ ಜ್ವರ ಹಿಡಿದು ಆಸ್ಪತ್ರೆ ಸೇರಿದ್ದನಂತೆ. ಆ ಚೇತರಿಕೆಯ ದಿನಗಳಲ್ಲೇ ತನ್ನ ಲೋಕದ ಮೊದಲ ಕಥೆಗಳನ್ನು ಬರೆಯತೊಡಗಿದನಂತೆ. ಆ ಒಂದು ಮಾತಿಗೇ ನಾನು ಒಪ್ಪಿಬಿಟ್ಟೆ. ‘ಲಾರ್ಡ್ ಆಫ್ ದಿ ರಿಂಗ್ಸ್’ ಶುರುವಿನಲ್ಲಿ ಬೇಜಾರು ಬಂದದ್ದು ನಿಜ. ನಡೆದದ್ದೇ ನಡೆದದ್ದು, ಉಂಡದ್ದೇ ಉಂಡದ್ದು. ಆದರೆ ಕೊನೆಯಲ್ಲಿ ಹೆಜ್ಜೆ ಇಡಲಾಗದ ಫ್ರೋಡೋನನ್ನು ಸ್ಯಾಮ್ ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುತ್ತಾನಲ್ಲ, ಆಗ ಆ ನಿಧಾನ ಯಾಕೆ ಬೇಕಿತ್ತು ಅಂತ ತಿಳಿಯಿತು. ಅಷ್ಟು ದೂರ ಜೊತೆಗೆ ನಡೆದವನು ಮಾತ್ರ ಹಾಗೆ ಹೊರಬಲ್ಲ. ತಮ್ಮಾ, ನಿನಗೆ ತುಂಬಾ ಥ್ಯಾಂಕ್ಸ್.

ಇನ್ನು ಅತ್ತಿಗೆ.

2024ರ ಜುಲೈ ನಮ್ಮ ಕಡೆಯ ಯಾರಿಗೂ ಮರೆಯುವಂಥದ್ದಲ್ಲ. 16ರಂದು ಅಂಕೋಲೆ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಅಲ್ಲಿ ತಮ್ಮವರನ್ನು ಕಳೆದುಕೊಂಡವರ ಎದುರು ನನ್ನ ಕಷ್ಟ ಏನೂ ಅಲ್ಲ. ಆದರೆ ಆ ದಿನಗಳಲ್ಲೇ ನನ್ನ ಸ್ಥಿತಿ ತೀರಾ ಕೆಟ್ಟಿತು. ನಾನು ಕಾರವಾರದ ಆಸ್ಪತ್ರೆಯಲ್ಲಿ, ನಮ್ಮನೆಯವರು ಹಡಗಿನ ಕೆಲಸದ ಮೇಲೆ ಎಲ್ಲೋ ದೂರದಲ್ಲಿ. ಅಣ್ಣ, ಅತ್ತಿಗೆ ಇರುವುದು ಶಿರಸಿಯಲ್ಲಿ. ಕುಮಟಾ ಮೇಲೆ ಬರುವ ಹಾಗಿರಲಿಲ್ಲ. ಮಕ್ಕಳ ಜೊತೆ ಅಣ್ಣನನ್ನು ಬಿಟ್ಟು, ಅತ್ತಿಗೆ ಒಬ್ಬಳೇ ಯಲ್ಲಾಪುರ ಸುತ್ತಿ, ಅರಬೈಲು ಘಟ್ಟ ಇಳಿದು, ಅಂಕೋಲೆಯಿಂದ ಬಂದಳು. ಸೀರೆಯೆಲ್ಲ ಒದ್ದೆ. ಬಂದವಳೇ ನನ್ನ ಪಾದ ಮುಟ್ಟಿ ತಣ್ಣಗಾಗಿದೆಯೇ ಅಂತ ನೋಡಿದಳು.

ಆ ರಾತ್ರಿ ನೋವು ಇಳಿಯಲಿಲ್ಲ. ಮಂಚದ ಪಕ್ಕದ ಚೀಲದಲ್ಲಿ ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಇತ್ತು. ಮಾಟ ಮಂತ್ರದ ಕಥೆ ಅಂದರೆ ಅತ್ತಿಗೆಗೆ ಅಷ್ಟಕ್ಕಷ್ಟೇ. ಆದರೂ ಅದನ್ನೇ ತೆಗೆದುಕೊಂಡು, “ನೀ ಸುಮ್ನೆ ಮಲ್ಕೋ, ನಾ ಓದ್ತೆ” ಎಂದಳು. ಒಂದೊಂದೇ ಪ್ಯಾರಾ ಮನಸ್ಸಿನಲ್ಲಿ ಓದಿಕೊಂಡು, ಕನ್ನಡದಲ್ಲಿ ಹೇಳುತ್ತಾ ಹೋದಳು. ಅವಳು ಚಿಕ್ಕಂದಿನಲ್ಲಿ ಅಪ್ಪನ ಜೊತೆ ತಾಳಮದ್ದಳೆಗೆ ಹೋಗಿ ಬೆಳಗಿನ ತನಕ ಕೂತವಳು. ಅವಳ ಬಾಯಲ್ಲಿ ಲೆ ಗ್ವಿನ್‌ಳ ಮಂತ್ರವಾದಿಗಳು ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಹಾಗೆ ವಾದಕ್ಕಿಳಿದರು. ಆ ಕಥೆಯಲ್ಲಿ ದೊಡ್ಡ ನಾಡಿಲ್ಲ, ಸಮುದ್ರ ಮತ್ತು ದ್ವೀಪಗಳೇ ಎಲ್ಲ. ನನ್ನ ಕಣ್ಣಿಗೆ ಕಾರವಾರದ ಕಡಲಿನ ಕೂರ್ಮಗಡ, ದೇವಗಡಗಳೇ ಬಂದವು.

ಗೆಡ್ ಎಂಬ ಹುಡುಗ ಗರ್ವದಿಂದ ಒಂದು ನೆರಳನ್ನು ಈ ಲೋಕಕ್ಕೆ ಬಿಟ್ಟುಬಿಡುತ್ತಾನೆ. ಅದು ಅವನನ್ನು ಅಟ್ಟಿಸಿಕೊಂಡು ಬರುತ್ತದೆ. ಓಡಿ ಓಡಿ ಸೋತು ಗುರು ಓಜಿಯನ್ ಬಳಿ ಬಂದಾಗ, ಓಡಬೇಡ, ತಿರುಗು, ನೀನೇ ಅದನ್ನು ಹುಡುಕಿಕೊಂಡು ಹೋಗು ಎನ್ನುತ್ತಾನೆ ಗುರು. ಅಲ್ಲಿಗೆ ಬರುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. “ಸಾಕು ಅತ್ತಿಗೆ, ನನ್ನನ್ನ ಬಿಟ್ಬಿಡು, ಹೋಗ್ತೆ” ಅಂದೆ. ಬಾಯ್ತಪ್ಪಿ ಅಂದದ್ದಲ್ಲ, ನಿಜವಾಗಿ ಹೋಗಬೇಕು ಅನ್ನಿಸಿತ್ತು. ಅವಳು ಬೈಯಲಿಲ್ಲ. ದೇವರಿದ್ದಾನೆ ಅನ್ನಲಿಲ್ಲ. ಅಳಲೂ ಇಲ್ಲ. ಒಂದು ಕೈಯಲ್ಲಿ ನನ್ನ ಕೈ ಹಿಡಿದುಕೊಂಡು, ಆ ಪುಟವನ್ನು ಮೊದಲಿನಿಂದ ಮತ್ತೆ ಹೇಳಿದಳು. ಗೆಡ್ ದೋಣಿ ಹತ್ತಿ ನೆರಳಿನ ಬೆನ್ನು ಹತ್ತುವ ಹೊತ್ತಿಗೆ ಬೆಳಕಾಗಿತ್ತು. ಅವಳ ಗಂಟಲು ಕಟ್ಟಿಹೋಗಿತ್ತು. ಅತ್ತಿಗೆ, ಇದನ್ನು ನಿನ್ನ ಎದುರು ಹೇಳಲು ನನ್ನಿಂದ ಈವರೆಗೆ ಆಗಿಲ್ಲ. ನಾನು ಉಳಿದದ್ದರಲ್ಲಿ ಔಷಧಿಯ ಪಾಲು ಎಷ್ಟೋ, ನಿನ್ನ ಪಾಲೂ ಅಷ್ಟೇ.

ಮನೆಗೆ ಬಂದ ಮೇಲೂ ಎಲ್ಲ ಪುಸ್ತಕ ಸುಲಭವಾಗಿರಲಿಲ್ಲ. ಮಿಖಾಯೆಲ್ ಎಂಡೆಯ ‘ನೆವರ್ ಎಂಡಿಂಗ್ ಸ್ಟೋರಿ’ಯಲ್ಲಿ ಅತ್ರೇಯುವಿನ ಕುದುರೆ ದುಃಖದ ಕೆಸರಿನಲ್ಲಿ ಮುಳುಗುತ್ತದೆ. ಅದಕ್ಕೆ ಮೇಲೆ ಬರುವ ಮನಸ್ಸೇ ಇರುವುದಿಲ್ಲ. ಆ ಕುದುರೆ ನಾನೇ ಆಗಿದ್ದೆ. ಪುಸ್ತಕ ಮುಚ್ಚಿಟ್ಟು ಎಷ್ಟೋ ದಿನ ಮುಟ್ಟಲಿಲ್ಲ. ಟೆರಿ ಪ್ರಾಚೆಟ್‌ನ ‘ಸ್ಮಾಲ್ ಗಾಡ್ಸ್’ನಲ್ಲಿ ನಂಬುವವನು ಒಬ್ಬನೇ ಉಳಿದು ದೇವರು ಆಮೆಯಾಗಿಬಿಟ್ಟಿರುತ್ತಾನೆ. ಹೊಲಿಗೆ ನೋಯುವಷ್ಟು ನಕ್ಕೆ.

ಕೊನೆಗೆ ಓದಿದ್ದು ಲೆ ಗ್ವಿನ್‌ಳದೇ ‘ತೆಹಾನು’. ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಇದೇ. ಅರ್ಥ್‌ಸೀ ಸರಣಿಯಲ್ಲಿ ಇದರ ಹಿಂದಿನ ಭಾಗ ಬಂದದ್ದು 1972ರಲ್ಲಿ, ಇದು 1990ರಲ್ಲಿ. ಗೆಡ್ ಈಗ ತನ್ನ ಮಂತ್ರಶಕ್ತಿಯನ್ನೆಲ್ಲ ಖರ್ಚು ಮಾಡಿ ಬಂದವನು. ಅವನನ್ನು ಆರೈಕೆ ಮಾಡುವುದು ಟೆನಾರ್ ಎಂಬ ವಿಧವೆ. ಅವನು ಮೇಕೆ ಕಾಯುತ್ತಾನೆ, ನಾಚುತ್ತಾನೆ, ಮೆಲ್ಲಗೆ ಬದುಕಲು ಕಲಿಯುತ್ತಾನೆ. ಹಳೆಯ ಶಕ್ತಿ ವಾಪಸ್ ಬರುವುದಿಲ್ಲ. ನನಗೂ ಈಗ ಒಂದು ಕೊಡ ನೀರು ಎತ್ತಲಾಗುವುದಿಲ್ಲ. ಮೊದಲಿನ ಹಾಗೆ ಆಗ್ತೀಯ ಅಂತ ಎಲ್ಲರೂ ಪ್ರೀತಿಯಿಂದ ಹೇಳುತ್ತಾರೆ. ಆಗದೆಯೂ ಬದುಕಬಹುದು ಅಂತ ಹೇಳಿದ್ದು ಈ ಪುಸ್ತಕ ಮಾತ್ರ.

2024ರ ಆಗಸ್ಟಿನಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿದ್ದ ಮೇಲೂ ಸದಾಶಿವಗಡದಿಂದ ಗಂಜಿ ತಂದುಕೊಟ್ಟ ಗೆಳತಿಗೆ, ರಕ್ತ ಕೊಟ್ಟ ಹುಡುಗರಿಗೆ, ನನ್ನ ಕೆಲಸವನ್ನೂ ಮಾಡಿದ ಸಹೋದ್ಯೋಗಿಗಳಿಗೆ, ರಾತ್ರಿ ಪಾಳಿಯ ಸಿಸ್ಟರ್‌ಗಳಿಗೆ, ಪಕ್ಕದ ಮನೆಯ ಬಾಯಿಯವರಿಗೆ ಮನಸಾರೆ ನಮಸ್ಕಾರ.

ಅತ್ತಿಗೆ, ‘ತೆಹಾನು’ವನ್ನು ಶಿರಸಿ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದೇನೆ. ಈ ಸಲ ನಿಧಾನಕ್ಕೆ, ಹಗಲು ಹೊತ್ತಿನಲ್ಲಿ ಓದು. ಟೆನಾರ್ ಬಗ್ಗೆ ನಿನಗೇನನ್ನಿಸಿತು ಅಂತ ಫೋನ್ ಮಾಡಿ ಹೇಳು.