ಬೂಷ್ಟಿನ ವಿಷ ಮತ್ತು ಬೈಂಡರ್ ಪುಡಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಪತ್ರವನ್ನು ಎರಡು ಬಾರಿ ಓದಿದೆ. ಮಲಗುವ ಕೋಣೆಯ ಕಪಾಟಿನ ಹಿಂದೆ ಗೋಡೆಯ ತುಂಬ ಬೂಷ್ಟು ಹಬ್ಬಿರುವುದು ತಿಳಿದಂದಿನಿಂದ ಬೂಷ್ಟಿನ ವಿಷವನ್ನು ಕರುಳಿನಲ್ಲಿ ಹಿಡಿದು ಹೊರಹಾಕುವ ‘ಬೈಂಡರ್’ ಎಂದು ನಂಬಿ ದಿನಕ್ಕೆ ನಾಲ್ಕು ಬಾರಿ ಕೊಲೆಸ್ಟೈರಮೈನ್ ಪುಡಿಯನ್ನು ಕುಡಿಯುತ್ತಿರುವೆ ಎಂದೂ, ಐದು ವಾರ ಕಳೆದರೂ ಆಯಾಸ ತಗ್ಗಿಲ್ಲವೆಂದೂ, ಅದೇ ಮನೆಯಲ್ಲಿರುವ ತಂದೆಯವರಿಗೂ ಇದನ್ನು ಕೊಡಬಹುದೇ ಎಂದೂ ಬರೆದಿರುವೆ. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಕೊಡಬೇಡ. ಅವರು ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ತೆಗೆದುಕೊಳ್ಳುತ್ತಿದ್ದಾರೆ. ಈ ಪುಡಿಯು ಕರುಳಿನಲ್ಲಿ ವಾರ್ಫರಿನ್ನನ್ನೂ ಹಿಡಿದುಕೊಂಡು ಅದರ ಪರಿಣಾಮವನ್ನು ಕುಗ್ಗಿಸಬಲ್ಲದು. ಬಹುಕಾಲ ಸೇವಿಸಿದರೆ ಕೆ ಜೀವಸತ್ವ ದೇಹಕ್ಕೆ ಸೇರುವುದನ್ನು ತಡೆದು ರಕ್ತಸ್ರಾವದ ಕಡೆಗೂ ತಳ್ಳಬಲ್ಲದು. ಎರಡೂ ದಿಕ್ಕಿನಲ್ಲಿ ಅಪಾಯವಿರುವ ಇಂಥದನ್ನು ಅವರ ವೈದ್ಯರಿಗೆ ತಿಳಿಸದೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸದೆ ಒಂದು ಗುಟುಕೂ ಕುಡಿಸುವಂತಿಲ್ಲ.

ಇಷ್ಟು ಕಟ್ಟುನಿಟ್ಟಾಗಿ ಹೇಳುವುದಕ್ಕೆ ಕಾರಣವಿದೆ. ಎರಡು ವರ್ಷಗಳ ಹಿಂದೆ ನಾನೂ ಇದೇ ಪುಡಿಯನ್ನು ಕುಡಿದವನು. ಬೆಳಿಗ್ಗೆ ಎದ್ದೊಡನೆ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದೆ, ಅರ್ಧ ಗಂಟೆ ಬಿಟ್ಟು ಮೊದಲ ಪೊಟ್ಟಣವನ್ನು ನೀರಿಗೆ ಕಲಸಿ ಕುಡಿಯುತ್ತಿದ್ದೆ. ಮೂರನೆಯ ತಿಂಗಳಿಗೆ ಮೈ ಭಾರವಾಗತೊಡಗಿತು, ಚಳಿ ತಡೆಯುತ್ತಿರಲಿಲ್ಲ, ಓದಿದ ಸಾಲು ತಲೆಗೆ ಹತ್ತುತ್ತಿರಲಿಲ್ಲ. ಪುಡಿಯನ್ನು ಸೂಚಿಸಿದವರು, ವಿಷ ಹೊರಬರುವಾಗ ಹೀಗೆಯೇ ಆಗುತ್ತದೆ, ಧೈರ್ಯಗೆಡಬೇಡಿ ಎಂದರು. ನಾನು ನಂಬಿದೆ, ನಂಬಿ ಇನ್ನೊಂದು ಪೊಟ್ಟಣವನ್ನು ಹೆಚ್ಚಿಸಿಕೊಂಡೆ. ಕೊನೆಗೆ ಬೇರೊಬ್ಬ ವೈದ್ಯರು ರಕ್ತ ಪರೀಕ್ಷೆ ಮಾಡಿಸಿದಾಗ, ಥೈರಾಯ್ಡ್ ಹಾರ್ಮೋನು ಸಾಲದಾದಾಗ ಏರುವ ಟಿಎಸ್‌ಎಚ್ ಮಿತಿಮೀರಿ ಏರಿತ್ತು. ದಿನವೂ ತಪ್ಪದೆ ನುಂಗಿದ ಮಾತ್ರೆಯ ಬಹುಪಾಲು ಪುಡಿಗೆ ಅಂಟಿಕೊಂಡು ಹೊರಗೆ ಹೋಗುತ್ತಿತ್ತು. ಆ ವೈದ್ಯರು ಮಾತ್ರೆಯ ಪ್ರಮಾಣ ಹೆಚ್ಚಿಸುವ ಮೊದಲು, ಯಾವುದನ್ನು ಎಷ್ಟು ಹೊತ್ತಿಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದ್ದು ನನ್ನ ಪುಣ್ಯ. ಬೂಷ್ಟಿನ ವಿಷದ್ದೆಂದು ನಾನು ತಿಂಗಳುಗಟ್ಟಲೆ ಸಹಿಸಿದ ಆಯಾಸ ಚಿಕಿತ್ಸೆಯೇ ತಂದ ಆಯಾಸವಾಗಿತ್ತು. ಆದ್ದರಿಂದ ನಿನ್ನ ಆಯಾಸ ತಗ್ಗಿಲ್ಲ ಎಂಬ ಸಾಲನ್ನು ಓದಿದಾಗ ನನಗೆ ನಿಜಕ್ಕೂ ಭಯವಾಯಿತು.

ಈ ಪುಡಿ ಕೆಲಸ ಮಾಡುವ ಬಗೆಯನ್ನು ತಿಳಿದರೆ ಅದರ ಗುಣವೂ ಮಿತಿಯೂ ಒಟ್ಟಿಗೇ ಕಾಣುತ್ತವೆ. ಇದೊಂದು ರಾಳ, ರಕ್ತಕ್ಕೆ ಸೇರುವುದೇ ಇಲ್ಲ. ಯಕೃತ್ತು ಕರುಳಿಗೆ ಬಿಡುವ ಪಿತ್ತಾಮ್ಲಗಳಲ್ಲಿ ಸುಮಾರು ಶೇಕಡ 95ರಷ್ಟು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಮತ್ತೆ ಹೀರಲ್ಪಟ್ಟು ಯಕೃತ್ತಿಗೆ ಮರಳುತ್ತವೆ. ರಾಳವು ನಡುದಾರಿಯಲ್ಲಿ ಅವನ್ನು ಹಿಡಿದು ಮಲದೊಂದಿಗೆ ಸಾಗಿಸುತ್ತದೆ. ಆಗ ಯಕೃತ್ತು ಕೊಲೆಸ್ಟರಾಲನ್ನು ಬಳಸಿ ಹೊಸ ಪಿತ್ತಾಮ್ಲವನ್ನು ತಯಾರಿಸಬೇಕಾಗುತ್ತದೆ. ಅಮೆರಿಕದಲ್ಲಿ 1973ರಲ್ಲಿ ಇದಕ್ಕೆ ಅನುಮತಿ ದೊರೆತದ್ದು ಕೊಲೆಸ್ಟರಾಲ್ ಇಳಿಸುವುದಕ್ಕಾಗಿ. ಪಿತ್ತರಸದ ಜೊತೆಗೆ ಇದೇ ದಾರಿಯಲ್ಲಿ ಸುತ್ತುವ ವಿಷಗಳನ್ನೂ ಹೀಗೆ ಹಿಡಿಯಬಹುದೆಂಬುದು ಬರಿಯ ಊಹೆಯಲ್ಲ. ವರ್ಜೀನಿಯಾದ ಹೋಪ್‌ವೆಲ್ ಎಂಬಲ್ಲಿ 1975ರಲ್ಲಿ ಕೆಪೋನ್ ಎಂಬ ಕೀಟನಾಶಕದಿಂದ ಕಾರ್ಮಿಕರು ವಿಷಪ್ರಾಶನಕ್ಕೆ ಒಳಗಾದಾಗ, ಈ ಪುಡಿ ಅವರ ದೇಹದಿಂದ ವಿಷ ಬೇಗ ಹೊರಹೋಗುವಂತೆ ಮಾಡಿದ್ದು 1978ರಲ್ಲಿ ಪ್ರಕಟವಾಯಿತು. ಸಂಧಿವಾತಕ್ಕೆ ಕೊಡುವ ಲೆಫ್ಲುನೊಮೈಡ್ ಔಷಧವನ್ನು ದೇಹದಿಂದ ತುರ್ತಾಗಿ ತೆಗೆಯಲು ಇಂದಿಗೂ ಇದನ್ನು 8 ಗ್ರಾಂನಂತೆ ದಿನಕ್ಕೆ ಮೂರು ಬಾರಿ, 11 ದಿನ ಕೊಡುತ್ತಾರೆ. ಇದನ್ನೆಲ್ಲ ಏಕೆ ಬರೆಯುತ್ತಿರುವೆನೆಂದರೆ, ನೀನು ನಂಬಿದ್ದು ಬುಡವಿಲ್ಲದ ಮಾತೆಂದು ಯಾರಾದರೂ ಹೀಗಳೆದರೆ ಅದು ಅನ್ಯಾಯವಾದೀತು.

ಆದರೆ ಆ ಎರಡೂ ಸಂದರ್ಭಗಳಲ್ಲಿ ವಿಷ ಯಾವುದೆಂದು ಗೊತ್ತಿತ್ತು, ರಕ್ತದಲ್ಲಿ ಅದನ್ನು ಅಳೆಯಬಹುದಿತ್ತು. ತೇವದ ಮನೆಯ ವಿಷಯದಲ್ಲಿ ಹಾಗಿಲ್ಲ. ಆಹಾರದ ಮೂಲಕ ಓಕ್ರಾಟಾಕ್ಸಿನ್ ಎಂಬ ಬೂಷ್ಟಿನ ವಿಷವನ್ನು ತಿಂದ ಇಲಿಗಳಲ್ಲಿ ಈ ರಾಳವು ವಿಷವನ್ನು ಮಲದತ್ತ ತಿರುಗಿಸಿದ್ದುಂಟು. ಉಸಿರಿನಿಂದ ಒಳಹೊಕ್ಕಿತೆಂದು ಹೇಳುವ ವಿಷಕ್ಕೆ ಅದೇ ಫಲವನ್ನು ಮನುಷ್ಯರಲ್ಲಿ ನಿರೀಕ್ಷಿಸುವುದು ದೊಡ್ಡ ಜಿಗಿತ. ಓಕ್ರಾಟಾಕ್ಸಿನ್ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಬಲವಾಗಿ ಅಂಟಿಕೊಳ್ಳುತ್ತದೆ, ಮನುಷ್ಯನ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 35 ದಿನ ಬೇಕು. ಕರುಳಿನಲ್ಲೇ ಉಳಿಯುವ ಪುಡಿಗೆ ರಕ್ತದಲ್ಲಿರುವುದು ನೇರವಾಗಿ ಎಟಕುವುದಿಲ್ಲ. ಬೂಷ್ಟಿನ ಕಾಯಿಲೆಗೆಂದು ಈ ಔಷಧಕ್ಕೆ ಅಧಿಕೃತ ಅನುಮತಿ ಇಲ್ಲ ಎಂಬುದನ್ನೂ ನೆನಪಿಡು.

ನೀನು ಲಗತ್ತಿಸಿದ ಮೂತ್ರ ಪರೀಕ್ಷೆಯ ವರದಿಯ ಬಗ್ಗೆಯೂ ಹೇಳಲೇಬೇಕು. ಧಾನ್ಯ, ಬೀಜ, ಕಾಫಿ, ಒಣಹಣ್ಣುಗಳಲ್ಲಿ ಬೂಷ್ಟಿನಂಥ ಶಿಲೀಂಧ್ರಗಳ ವಿಷಗಳು ಅಲ್ಪ ಪ್ರಮಾಣದಲ್ಲಿ ಇರುವುದರಿಂದ ಆರೋಗ್ಯವಂತರ ಮೂತ್ರದಲ್ಲಿಯೂ ಅವು ಕಾಣುತ್ತವೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ, ಇಂಥ ಪರೀಕ್ಷೆಗಳನ್ನು ರೋಗನಿರ್ಣಯಕ್ಕೆ ಬಳಸುವುದರ ವಿರುದ್ಧ 2015ರಲ್ಲಿ ಎಚ್ಚರಿಸಿತು. ವರದಿಯಲ್ಲಿ ಕೆಂಪಕ್ಷರದಲ್ಲಿರುವ ಅಂಕಿ ನಿನ್ನ ಗೋಡೆಯಿಂದ ಬಂತೋ ತಟ್ಟೆಯಿಂದ ಬಂತೋ ಅದು ಹೇಳಲಾರದು. ಇದೇ ಉದ್ದೇಶಕ್ಕೆ ಕೆಲವರು ನುಂಗುವ ಇದ್ದಿಲಿನ ಗುಳಿಗೆ, ಜೇಡಿಮಣ್ಣಿನ ಪುಡಿಗಳ ಕಥೆಯೂ ಹೆಚ್ಚು ಭಿನ್ನವಲ್ಲ. ಘಾನಾ ದೇಶದಲ್ಲಿ ಮೂರು ತಿಂಗಳು ಜೇಡಿಮಣ್ಣಿನ ಗುಳಿಗೆ ಕೊಟ್ಟಾಗ ಅಫ್ಲಾಟಾಕ್ಸಿನ್ ಎಂಬ ಶಿಲೀಂಧ್ರ ವಿಷದ ಗುರುತುಗಳು ರಕ್ತದಲ್ಲಿ ಇಳಿದವು, ನಿಜ. ಆದರೆ ಅದು ಊಟದಲ್ಲಿ ಬಂದ ವಿಷವನ್ನು ಕರುಳಿನಲ್ಲೇ ತಡೆದ ಕೆಲಸ.

ಬೂಷ್ಟು ನಿರುಪದ್ರವಿ ಎಂದು ನಾನು ಹೇಳುತ್ತಿಲ್ಲ. ತೇವದ ಮನೆಗಳಿಗೂ ಕೆಮ್ಮು, ಉಬ್ಬಸ, ಮೂಗು ಗಂಟಲಿನ ತೊಂದರೆ, ಆಸ್ತಮಾ ಉಲ್ಬಣಿಸುವುದಕ್ಕೂ ಸಂಬಂಧವಿದೆಯೆಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2004ರಲ್ಲೂ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೂ ಸ್ಪಷ್ಟವಾಗಿ ಹೇಳಿವೆ. ನಿನಗೆ ರಾತ್ರಿ ಹೊತ್ತು ಎದೆ ಬಿಗಿಯುತ್ತದೆ ಎಂದು ಬರೆದಿರುವೆ. ಅದಕ್ಕೆ ಶ್ವಾಸಕೋಶದ ಪರೀಕ್ಷೆಯೂ ಅಲರ್ಜಿ ಪರೀಕ್ಷೆಯೂ ಆಗಬೇಕು. ಆಸ್ತಮಾ ಇದ್ದರೆ ಅದಕ್ಕೆ ಚೆನ್ನಾಗಿ ಫಲಿಸುವ ಚಿಕಿತ್ಸೆ ಇದೆ, ಪುಡಿಯ ಭರವಸೆಯಲ್ಲಿ ಅದನ್ನು ಮುಂದೂಡುವುದು ನನಗೆ ಒಪ್ಪಿತವಲ್ಲ. ಅದಕ್ಕೂ ಮೊದಲು ಗೋಡೆಗೆ ನೀರು ಎಲ್ಲಿಂದ ಇಳಿಯುತ್ತಿದೆ ಎಂಬುದನ್ನು ಕಂಡುಹಿಡಿದು ನಿಲ್ಲಿಸಬೇಕು. ನೆನೆದ ವಸ್ತು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಮತ್ತೆ ಹುಟ್ಟುತ್ತದೆ. ಮೇಲೆ ಬಣ್ಣ ಬಳಿದು ಮುಚ್ಚಿದರೆ ಒಳಗೇ ಬೆಳೆಯುತ್ತದೆ. ದುರಸ್ತಿ ಮುಗಿಯುವವರೆಗೆ ನೀನೂ ತಂದೆಯವರೂ ಆ ಕೋಣೆಯಲ್ಲಿ ಮಲಗಬೇಡಿ.

ವೈದ್ಯರೊಡನೆ ಮಾತನಾಡಿದ ಮೇಲೂ ಪುಡಿಯನ್ನು ಕೆಲಕಾಲ ಮುಂದುವರಿಸುವುದೆಂದು ತೀರ್ಮಾನವಾದರೆ, ಉಳಿದ ಎಲ್ಲ ಮಾತ್ರೆಗಳನ್ನು ಪುಡಿಗೆ ಒಂದು ಗಂಟೆ ಮೊದಲು, ಇಲ್ಲವೇ ನಾಲ್ಕರಿಂದ ಆರು ಗಂಟೆಗಳ ನಂತರ ತೆಗೆದುಕೊ. ಥೈರಾಯ್ಡ್ ಮಾತ್ರೆಗೆ ಕನಿಷ್ಠ ನಾಲ್ಕು ಗಂಟೆಯ ಅಂತರ ಇರಲೇಬೇಕು. ನನ್ನ ತಪ್ಪು ಆಗಿದ್ದು ಅಲ್ಲಿಯೇ. ಪುಡಿಯನ್ನು ಎಂದಿಗೂ ಒಣದಾಗಿ ಬಾಯಿಗೆ ಹಾಕಿಕೊಳ್ಳಬೇಡ, ಕಲಸಿದ್ದನ್ನು ಬಾಯಲ್ಲಿ ಇಟ್ಟುಕೊಂಡು ಕೂರಬೇಡ, ಹಲ್ಲು ಕೆಡುತ್ತದೆ. ಮಲಬದ್ಧತೆ ಅನೇಕರನ್ನು ಕಾಡುತ್ತದೆಯಾದ್ದರಿಂದ ನೀರು ಹೆಚ್ಚು ಕುಡಿ. ತಿಂಗಳುಗಟ್ಟಲೆ ಸಾಗಿದರೆ ಎ, ಡಿ, ಇ, ಕೆ ಜೀವಸತ್ವಗಳ ಕೊರತೆಯ ಬಗ್ಗೆಯೂ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರುವುದರ ಬಗ್ಗೆಯೂ ವೈದ್ಯರನ್ನು ಕೇಳು.

ನೀನು ಯಾವ ಯಾವ ಮಾತ್ರೆಯನ್ನು ಎಷ್ಟು ಗಂಟೆಗೆ ನುಂಗುತ್ತಿರುವೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ನನಗೂ ಕಳಿಸು, ವೈದ್ಯರಿಗೂ ತೋರಿಸು. ತಂದೆಯವರ ಮುಂದಿನ ಐಎನ್‌ಆರ್ ಪರೀಕ್ಷೆ ಎಂದು ಎಂಬುದನ್ನೂ ತಿಳಿಸು. ಆ ದಿನ ನಾನೇ ಫೋನ್ ಮಾಡುತ್ತೇನೆ.

ಇಂತಿ ನಿನ್ನ ಗೆಳೆಯ