ಹೊರರೋಗಿ ಚೀಟಿಯಲ್ಲಿ ಕಸುಬಿಗೂ ಒಂದು ಸಾಲಿರಲಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಜಿಲ್ಲೆಯ ಗ್ರಾಮ ಪಂಚಾಯಿತಿಗಳನ್ನು ಕ್ಷಯಮುಕ್ತಗೊಳಿಸುವ ಕಾರ್ಯಕ್ರಮದ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ಓದಿದೆ. ಬಿಸಿಲಲ್ಲಿ ಮನೆಮನೆ ತಿರುಗಿ ಕಫದ ಪರೀಕ್ಷೆ ಮಾಡಿಸುತ್ತಿರುವ ಆಶಾ ಕಾರ್ಯಕರ್ತೆಯರ ಶ್ರಮ ದೊಡ್ಡದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಕಲ್ಲಿನ ಗಣಿ, ಪಾಲಿಶ್ ಘಟಕ, ಖಡಿ ಮಷಿನ್ ಮತ್ತು ಸಿಮೆಂಟ್ ಕಾರ್ಖಾನೆಗಳ ನಡುವೆ ಬದುಕುವ ಈ ಭಾಗದಲ್ಲಿ ತಿಂಗಳುಗಟ್ಟಲೆ ಕೆಮ್ಮುವವರೆಲ್ಲ ಕ್ಷಯರೋಗಿಗಳಲ್ಲ; ಕ್ಷಯವಿದ್ದವರಲ್ಲೂ ಕೆಲವರಿಗೆ ಕ್ಷಯವೊಂದೇ ಇರುವುದಿಲ್ಲ. ಕಲ್ಲಿನ ಧೂಳನ್ನು ವರ್ಷಗಟ್ಟಲೆ ಉಸಿರಾಡಿದ್ದರಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯೂ ಇರಬಹುದು. ಕಲಬುರಗಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರ ಎಕ್ಸ್-ರೇ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ವೈದ್ಯನಲ್ಲ. ಕಣ್ಣಾರೆ ಕಂಡದ್ದನ್ನು ಬರೆಯುತ್ತಿದ್ದೇನೆ.

ಎದೆಯ ಚಿತ್ರ ಸರಿಯಾಗಿ ಬರಬೇಕಾದರೆ ರೋಗಿಯು ಉಸಿರನ್ನು ಪೂರ್ತಿ ಒಳಗೆಳೆದು ಅಲ್ಲಾಡದೆ ನಿಲ್ಲಬೇಕು. "ಉಸರು ಒಳಗ ಎಳಕೋರಿ, ಹಿಡೀರಿ" ಎಂದು ದಿನಕ್ಕೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಒಂದು ಬೆಳಿಗ್ಗೆ ನಲವತ್ತರ ಒಳಗಿನ ಒಬ್ಬರು ಬಂದಿದ್ದರು. ಕಿವಿಯ ಮೇಲಿನ ಕೂದಲಿಗೆ, ಹುಬ್ಬಿಗೆ ಬಿಳಿಯ ಹುಡಿ ಮೆತ್ತಿಕೊಂಡಿತ್ತು. ಎರಡು ಸಲ ಪ್ರಯತ್ನಿಸಿದರೂ ಉಸಿರು ನಿಲ್ಲಲಿಲ್ಲ. "ಆಗಂಗಿಲ್ರಿ ಸರ, ದಮ್ಮ ಹತ್ತತದ" ಎಂದು ಗೋಡೆಗೆ ಕೈಕೊಟ್ಟು ನಿಂತರು. ಮೂರನೆಯ ಸಲ ಬಂದ ಚಿತ್ರದಲ್ಲಿ ಎರಡೂ ಶ್ವಾಸಕೋಶಗಳ ಮೇಲ್ಭಾಗದಲ್ಲಿ ಜೋಳದ ನುಚ್ಚು ಚೆಲ್ಲಿದ ಹಾಗೆ ಸಣ್ಣ ಸಣ್ಣ ಚುಕ್ಕೆಗಳು ಕಂಡವು, ಶ್ವಾಸನಾಳ ಬಂದು ಸೇರುವ ಕಡೆಯ ಗ್ರಂಥಿಗಳ ಸುತ್ತ ಮೊಟ್ಟೆಯ ಚಿಪ್ಪಿನಂತಹ ತೆಳುವಾದ ಬಿಳಿ ಗೆರೆಯಿತ್ತು. ಅವರ ಚೀಟಿಯಲ್ಲಿದ್ದದ್ದು ಹೆಸರು, ವಯಸ್ಸು, ಊರು ಮತ್ತು "ಕೆಮ್ಮು, ಮೂರು ತಿಂಗಳು" ಎಂಬ ಬರಹ ಮಾತ್ರ. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ನಾನೇ ಕೇಳಿದ್ದಕ್ಕೆ, ಯಾದಗಿರಿ ಕಡೆಯ ಕ್ವಾರಿಯಲ್ಲಿ ಹನ್ನೊಂದು ವರ್ಷ ಬಂಡೆಗೆ ಡ್ರಿಲ್ಲಿಂಗ್ ಮಾಡಿದ್ದಾಗಿಯೂ, ಈಗ ಏಳು ವರ್ಷದಿಂದ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಂಚು ಕತ್ತರಿಸುತ್ತಿರುವುದಾಗಿಯೂ, ಕಫದಲ್ಲಿ ಏನೂ ಸಿಗದಿದ್ದರೂ ಎರಡು ಬಾರಿ ಆರಾರು ತಿಂಗಳು ಕ್ಷಯದ ಮಾತ್ರೆ ನುಂಗಿರುವುದಾಗಿಯೂ ತಿಳಿಸಿದರು. ಫಿಲ್ಮಿನ ಕವರಿನ ಮೇಲೆ "ಕಲ್ಲು ಕೆಲಸ, 18 ವರ್ಷ" ಎಂದು ಪೆನ್ಸಿಲಿನಲ್ಲಿ ಬರೆದೆ. ಒಂದು ಹೊತ್ತಿಗೆ ನೂರಕ್ಕೂ ಹೆಚ್ಚು ರೋಗಿಗಳನ್ನು ನೋಡಬೇಕಾದ ವೈದ್ಯರ ಕಣ್ಣಿಗೆ ಅದು ಬೀಳಲಿಲ್ಲ. ಮೂರನೆಯ ಬಾರಿಯೂ ಅವರು ಅದೇ ಮಾತ್ರೆಗಳನ್ನು ಹಿಡಿದುಕೊಂಡು ಹೋದರು.

ಸಿಲಿಕೋಸಿಸ್ ಕಾಯಿಲೆಯ ಸ್ವಭಾವವೇ ಈ ಗೊಂದಲಕ್ಕೆ ಎಡೆಮಾಡಿಕೊಡುತ್ತದೆ. ಕಣ್ಣಿಗೆ ಕಾಣುವ ಧೂಳು ಮೂಗು, ಗಂಟಲಲ್ಲಿ ತಡೆದು ನಿಲ್ಲುತ್ತದೆ. ಕೆಲವೇ ಮೈಕ್ರಾನ್ ಗಾತ್ರದ, ಕಣ್ಣಿಗೆ ಕಾಣದ ಸಿಲಿಕಾ (ಕಲ್ಲು, ಮರಳಿನಲ್ಲಿರುವ ಖನಿಜ) ಕಣಗಳು ಮಾತ್ರ ಶ್ವಾಸಕೋಶದ ತುದಿಯ ಗಾಳಿಚೀಲಗಳನ್ನು ಮುಟ್ಟುತ್ತವೆ. ಅವುಗಳನ್ನು ನುಂಗಿ ಹಾಕಲು ಬಂದ ರಕ್ಷಕ ಜೀವಕೋಶಗಳೇ ಸಾಯುತ್ತವೆ, ಆ ಜಾಗವು ಗಾಯದ ಕಲೆಯಂತೆ ಗಟ್ಟಿಯಾಗುತ್ತ ಹೋಗುತ್ತದೆ. ಕೆಲಸ ಬಿಟ್ಟ ಮೇಲೂ ಇದು ಮುಂದುವರಿಯಬಲ್ಲದು, ಗುಣಪಡಿಸುವ ಔಷಧವಿಲ್ಲ. ಹೀಗೆ ಹಾಳಾದ ಶ್ವಾಸಕೋಶಕ್ಕೆ ಕ್ಷಯ ಬೇಗ ಅಂಟುತ್ತದೆ, ಎರಡೂ ಹೆಚ್ಚಾಗಿ ಮೇಲ್ಭಾಗವನ್ನೇ ಹಿಡಿಯುತ್ತವೆ. ಹಾಗಾಗಿ ರೋಗಿಯ ಕಸುಬು ಗೊತ್ತಿಲ್ಲದೆ ಬರೀ ಚಿತ್ರವನ್ನು ನೋಡಿ ಇವೆರಡನ್ನು ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ದಸ್ತಿಯನ್ನೋ ಟವೆಲನ್ನೋ ಮೂಗಿಗೆ ಕಟ್ಟಿಕೊಂಡರೆ ಸಾಕೆಂದು ನಮ್ಮ ಕಾರ್ಮಿಕರು ನಂಬಿದ್ದಾರೆ, ಆದರೆ ಇಷ್ಟು ಸಣ್ಣ ಕಣಗಳಿಗೆ ಬಟ್ಟೆ ಅಡ್ಡಿಯೇ ಅಲ್ಲ.

ಈ ವಿಷಯದಲ್ಲಿ ನಮ್ಮ ದೇಶದಲ್ಲೇ ನಡೆದಿರುವ ಸಂಶೋಧನೆಯನ್ನು ಓದುಗರ ಗಮನಕ್ಕೆ ತರಬೇಕೆನಿಸಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಲ್ಲಿ ದುಡಿದು ಮುಂದೆ ಅದರ ನಿರ್ದೇಶಕರೂ ಆದ ಡಾ. ಎಚ್.ಎನ್. ಸೈಯದ್ ಮತ್ತು ಅವರ ಸಂಗಡಿಗರು ಮಧ್ಯಪ್ರದೇಶದ ಮಂದಸೌರಿನಲ್ಲಿ ಬಳಪ ತಯಾರಿಸುವ ಕಾರ್ಮಿಕರನ್ನು ಪರೀಕ್ಷಿಸಿ 1985ರಲ್ಲಿ ವರದಿ ಪ್ರಕಟಿಸಿದರು. ನೋಡಿದ 593 ಮಂದಿಯಲ್ಲಿ ಶೇ 54.6ರಷ್ಟು ಜನರಿಗೆ ಸಿಲಿಕೋಸಿಸ್ ಇತ್ತು. ನಮ್ಮ ತಲೆಮಾರಿನವರು ಪಾಟಿಯ ಮೇಲೆ ಅಕ್ಷರ ತಿದ್ದಿದ್ದು ಬಳಪದಿಂದ. ಅದನ್ನು ಕತ್ತರಿಸುವವರ ಎದೆಯ ಕಥೆ ಹೀಗಿತ್ತೆಂದು ಓದಿದಾಗ ನನಗೆ ಬಹಳ ಸಂಕಟವಾಯಿತು. ಕಾಸರಗೋಡಿನ ಪಡ್ರೆ ಗ್ರಾಮದ ಎಂಡೋಸಲ್ಫಾನ್ ಅಧ್ಯಯನದಿಂದ ಕನ್ನಡಿಗರಲ್ಲಿ ಹಲವರಿಗೆ ಅಹಮದಾಬಾದಿನ ಈ ಸಂಸ್ಥೆಯ ಹೆಸರು ಪರಿಚಯವಿರಬಹುದು.

ಅದಕ್ಕಿಂತಲೂ ಯೋಚನೆಗೆ ಹಚ್ಚುವಂಥದ್ದು ಇದೇ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಲಡಾಖ್ ಅಧ್ಯಯನ. ಅಲ್ಲಿನ ಮೂರು ಹಳ್ಳಿಗಳ 449 ಜನರ ಎದೆಯ ಚಿತ್ರಗಳನ್ನು ತೆಗೆಸಿದಾಗ, ಗಣಿ ಕಾರ್ಮಿಕರಲ್ಲಿ ಕಾಣುವಂತಹ ಧೂಳುರೋಗದ ಗುರುತುಗಳು ಸಾಮಾನ್ಯ ರೈತಾಪಿ ಜನರಲ್ಲೇ ಕಂಡವು. ಧೂಳಿನ ಬಿರುಗಾಳಿ ಕಡಿಮೆ ಇದ್ದ ಹಳ್ಳಿಯಲ್ಲಿ ಶೇ 2, ಸಾಧಾರಣವಾಗಿದ್ದಲ್ಲಿ ಶೇ 20.1, ವಿಪರೀತವಾಗಿದ್ದಲ್ಲಿ ಶೇ 45.3. ಹೊಗೆಕೊಳವೆಯಿಲ್ಲದ ಅಡುಗೆಮನೆಗಳಲ್ಲಿ ಹೊಗೆಯ ಧೂಳು ಎಷ್ಟಿದೆಯೆಂಬುದನ್ನೂ ಅವರು ಅಳೆದರು. ಗಣಿಯ ಒಳಗೆ ಕಾಲಿಡದವರಿಗೂ ಗಾಳಿ ಮತ್ತು ಒಲೆಯ ಮೂಲಕ ಈ ಕಾಯಿಲೆ ಬರಬಲ್ಲದೆಂಬುದು ಇದರಿಂದ ತಿಳಿಯಿತು. ಶಹಾಬಾದ್, ಚಿತ್ತಾಪುರದ ಕಡೆ ಪಾಲಿಶ್ ಮಷಿನ್ನಿನಿಂದ ಹರಿದ ಬಿಳಿಯ ಕೆಸರನ್ನು ರಸ್ತೆಯ ಬದಿಗೆ ಸುರಿಯುತ್ತಾರೆ; ಬೇಸಿಗೆಯಲ್ಲಿ ಅದು ಒಣಗಿ, ಲಾರಿ ಹೋದಾಗಲೆಲ್ಲ ಎದ್ದು ಮನೆಗಳ ಒಳಗೆ ಬರುತ್ತದೆ. ಅದೇ ಮನೆಗಳಲ್ಲಿ ಹೆಣ್ಣುಮಕ್ಕಳು ತೊಗರಿ ಕಟ್ಟಿಗೆಯ ಹೊಗೆಯಲ್ಲಿ ಕುಳಿತು ರೊಟ್ಟಿ ಬಡಿಯುತ್ತಾರೆ. ಅವರ ಕೆಮ್ಮನ್ನು ಯಾರೂ ಕಸುಬಿನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಲ್ಲೊಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ನಮ್ಮ ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಅದರಲ್ಲಿ ಸಿಲಿಕಾ ರಾಜಸ್ಥಾನದ ಮರಳುಗಲ್ಲಿನಲ್ಲಿರುವಷ್ಟು ಇರುವುದಿಲ್ಲ. ಯಾದಗಿರಿ, ಸುರಪುರದ ಗುಡ್ಡಗಳ ಗ್ರಾನೈಟ್ ಜಾತಿಯ ಕಲ್ಲಿನಲ್ಲಿ ಅದು ಬಹಳ ಹೆಚ್ಚು. ತೊಗರಿ ಬೇಳೆ ಮಿಲ್ಲಿನ ಹೊಟ್ಟಿನ ಧೂಳು ಇನ್ನೊಂದು ಬಗೆಯದು, ಅದರಿಂದ ಬರುವುದು ಉಬ್ಬಸ. ಆದ್ದರಿಂದ ಧೂಳೆಂದರೆ ಎಲ್ಲವೂ ಒಂದೇ ಎಂದು ಕೂಗುವುದೂ ತಪ್ಪು, ಸುಣ್ಣದ ಕಲ್ಲಿನಿಂದ ಏನೂ ಆಗುವುದಿಲ್ಲವೆಂದು ಸುಮ್ಮನಿರುವುದೂ ತಪ್ಪು. ಯಾವ ಕಲ್ಲು, ಒಣಗಿದ್ದಾಗ ಕೊರೆದದ್ದೋ ನೀರು ಹಾಕಿ ಕೊರೆದದ್ದೋ, ಎಷ್ಟು ವರ್ಷ ಎಂಬುದನ್ನು ಕೇಳಿಯೇ ತಿಳಿಯಬೇಕು. ನಮ್ಮ ಕೂಲಿಕಾರರು ಒಂದೇ ಕಡೆ ನಿಲ್ಲುವವರಲ್ಲ. ಇಂದಿನ ಎದೆಯ ಮೇಲೆ ಹತ್ತು ವರ್ಷದ ಹಿಂದಿನ ಕ್ವಾರಿಯ ಗುರುತಿರುತ್ತದೆ.

ನಮ್ಮದೇ ರಾಜ್ಯದ ಕೋಲಾರ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಐವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇರುವುದು ಗೊತ್ತಾಗಿತ್ತು. ಅಲ್ಲಿ ಕಂಪನಿಯಿತ್ತು, ಹಾಜರಿ ಪುಸ್ತಕವಿತ್ತು. ಇಲ್ಲಿ ನಾಲ್ಕೈದು ಜನರ ಪಾಲಿಶ್ ಘಟಕಗಳು ಕಾರ್ಖಾನೆಯ ವ್ಯಾಖ್ಯೆಗೇ ಒಳಪಡುವುದಿಲ್ಲ, ಕೂಲಿಯ ಲೆಕ್ಕವೆಲ್ಲ ಬಾಯಿಮಾತಿನದು. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಸಿಲಿಕೋಸಿಸ್ ವೈದ್ಯರು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ. ಕಾನೂನಿನಲ್ಲಿ ಅದಕ್ಕೆ ಪರಿಹಾರವೂ ಉಂಟು. ಆದರೆ ಪರಿಹಾರ ಕೇಳಲು ಹೋದ ವಿಧವೆಯ ಕೈಯಲ್ಲಿ ಗಂಡ ಕಲ್ಲು ಕೊರೆದಿದ್ದನೆಂದು ತೋರಿಸುವ ಒಂದೇ ಒಂದು ಕಾಗದವೂ ಇರುವುದಿಲ್ಲ. ಇದ್ದರೆ ಆಸ್ಪತ್ರೆಯ ಚೀಟಿಗಳಿರುತ್ತವೆ, ಅವುಗಳಲ್ಲಿ ಕಸುಬಿನ ಮಾತೇ ಇಲ್ಲ. ನಾನು ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಉದ್ದದ ಪತ್ರ ಬರೆಯುತ್ತಿರುವುದು ಇದೇ ಕಾರಣಕ್ಕೆ. ರಾಜಸ್ಥಾನ ಸರ್ಕಾರ 2019ರಲ್ಲಿ ನೀತಿಯೊಂದನ್ನು ರೂಪಿಸಿ, ಸಿಲಿಕೋಸಿಸ್ ದೃಢಪಟ್ಟವರಿಗೆ 3 ಲಕ್ಷ ರೂಪಾಯಿ, ಸತ್ತರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ಕೊಡುವ ವ್ಯವಸ್ಥೆ ಮಾಡಿತು. ನಮ್ಮಲ್ಲಿ ಅಂಥದ್ದೊಂದು ಬಂದರೂ ಗುರುತಿಸುವ ಕೆಲಸ ಆಗದಿದ್ದರೆ ಹಣ ಯಾರಿಗೂ ತಲುಪದು.

ಕಲಬುರಗಿಯಲ್ಲಿ ಕಾರ್ಮಿಕರಿಗಾಗಿಯೇ ಹುಟ್ಟಿದ ಇಎಸ್‌ಐ ನಿಗಮದ ವೈದ್ಯಕೀಯ ಕಾಲೇಜಿದೆ, ಸರ್ಕಾರಿ ವೈದ್ಯಕೀಯ ಕಾಲೇಜಾದ ಜಿಮ್ಸ್ ಇದೆ. ಅಹಮದಾಬಾದಿನ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ. ಇವು ಕೂಡಿ ವಾರಕ್ಕೊಂದು ದಿನ ಧೂಳುರೋಗಗಳ ತಪಾಸಣೆ ನಡೆಸಬೇಕು, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮಾದರಿ ಚಿತ್ರಗಳೊಂದಿಗೆ ಹೋಲಿಸಿ ಎಕ್ಸ್-ರೇ ಓದುವ ತರಬೇತಿಯನ್ನು ತಾಲ್ಲೂಕಿನ ವೈದ್ಯರಿಗೂ ತಂತ್ರಜ್ಞರಿಗೂ ಕೊಡಬೇಕು, ಗಣಿ ಮತ್ತು ಪಾಲಿಶ್ ಘಟಕಗಳಲ್ಲಿ ಧೂಳನ್ನು ಅಳೆಯಬೇಕು ಎಂದು ಕೋರುತ್ತೇನೆ. ಅದಕ್ಕೆ ಹಣ, ಸಮಯ, ಆದೇಶ ಎಲ್ಲವೂ ಬೇಕು, ಅದು ನನಗೆ ಅರ್ಥವಾಗುತ್ತದೆ. ಆದರೆ ಹೊರರೋಗಿ ಚೀಟಿಗೆ ಅಷ್ಟೆಲ್ಲ ಬೇಕಿಲ್ಲ. ಕಂಪ್ಯೂಟರಿನಲ್ಲಿ ಚೀಟಿ ಕೊಡುವ ಆಸ್ಪತ್ರೆಗಳಲ್ಲಿ ವಯಸ್ಸಿನ ಕೆಳಗೆ ಒಂದು ಸಾಲು ಸೇರಿಸಲಿ. ಕೈಬರಹದ ಚೀಟಿ ಇರುವಲ್ಲಿ ಆರೋಗ್ಯ ಇಲಾಖೆಯವರು ಒಂದೊಂದು ರಬ್ಬರ್ ಸ್ಟಾಂಪ್ ಮಾಡಿಸಿ ಕಳುಹಿಸಲಿ. ಅದರಲ್ಲಿ "ಏನು ಕೆಲಸ, ಎಲ್ಲಿ, ಎಷ್ಟು ವರ್ಷ, ಅದಕ್ಕೂ ಮೊದಲು ಏನು" ಎಂದಿದ್ದರೆ ಸಾಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಎಕ್ಸ್-ರೇ ತಂತ್ರಜ್ಞ
ಕಲಬುರಗಿ ಜಿಲ್ಲೆ